ಊರು ಕೇಳದ ಜಟ್ಟಪ್ಪ

ಅಂಕೋಲೆಯಲ್ಲಿ ಒಬ್ಬ ಮನುಷ್ಯನ ಗುರುತು ಹಿಡಿಯಲು ಆಧಾರ್ ಕಾರ್ಡು ಬೇಡ. ಎರಡು ಪ್ರಶ್ನೆ ಸಾಕು: ಯಾವ ಊರು, ಯಾರ ಮನೆ. ಇಷ್ಟಕ್ಕೆ ಉತ್ತರ ಸಿಕ್ಕಿತೆಂದರೆ ಅವನ ಅಜ್ಜ ಯಾರು, ಅತ್ತೆಯನ್ನು ಎಲ್ಲಿಗೆ ಕೊಟ್ಟಿದ್ದಾರೆ, ಹೋದ ವರ್ಷ ಬೇಲಿ ವಿಷಯಕ್ಕೆ ಯಾರ ಜೊತೆ ಮಾತು ಬಿಟ್ಟರು, ಎಲ್ಲ ತಾನಾಗಿ ಹೊರಗೆ ಬರುತ್ತದೆ. ನನಗೆ ಈ ವಿದ್ಯೆ ಚೆನ್ನಾಗಿ ಬರುತ್ತದೆ. ಮೂರು ವರ್ಷದ ಬಿ.ಕಾಂ. ಮುಗಿಸಲು ನಾಲ್ಕು ವರ್ಷ ತೆಗೆದುಕೊಂಡ ನನಗೆ ಬರುವ ವಿದ್ಯೆ ಇದೊಂದೇ ಎಂದು ಮನೆಯಲ್ಲಿ ಹೇಳುತ್ತಾರೆ. ಅದು ಸುಳ್ಳು, ನನಗೆ ಕೇರಂ ಕೂಡ ಬರುತ್ತದೆ.

ಈಗ ಹೆದ್ದಾರಿ ಪಕ್ಕದ ಒಂದು ಪಾರ್ಸೆಲ್ ಗೋದಾಮಿನಲ್ಲಿ ನನಗೆ ಕೆಲಸ. ಒಳಗೆ ಬರುವ ಲಾರಿಯ ನಂಬರು, ಡ್ರೈವರನ ಹೆಸರು, ಊರು, ಬಂದ ಹೊತ್ತು, ಇವಿಷ್ಟನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಗುರುತಿನ ಚೀಟಿಯಲ್ಲಿ ನನ್ನ ಹುದ್ದೆ ‘ಗೇಟ್ ಎಕ್ಸಿಕ್ಯುಟಿವ್’. ಅದನ್ನು ನೆಂಟರಿಗೆ ತೋರಿಸುವಾಗ ‘ಗೇಟ್’ ಎಂಬುದರ ಮೇಲೆ ಹೆಬ್ಬೆರಳು ಇಟ್ಟುಕೊಳ್ಳುತ್ತೇನೆ.

ಗೇಟಿನಲ್ಲಿ ನನ್ನ ಜೊತೆ ಇರುವ ಕಾವಲುಗಾರರು ಹಿಲ್ಲೂರಿನ ಜಟ್ಟಪ್ಪ ನಾಯ್ಕ. ವಯಸ್ಸು ನಲವತ್ತಾರು. ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಹೆಂಡತಿ ಹೀರಾ ಊರಲ್ಲಿ ಗದ್ದೆ ನೋಡಿಕೊಳ್ಳುತ್ತಾರೆ, ಮಗಳು ನಾಗಶ್ರೀ ಕಾರವಾರದಲ್ಲಿ ನರ್ಸಿಂಗ್ ಓದುತ್ತಾಳೆ. ಜಟ್ಟಪ್ಪಣ್ಣ ಕೆಲಸಕ್ಕೆ ಹತ್ತು ನಿಮಿಷ ಮುಂಚೆ ಬರುತ್ತಾರೆ. ನಾನು ಹತ್ತು ನಿಮಿಷ ತಡವಾಗಿ ಬರುವುದರಿಂದ ಗೋದಾಮಿನ ಸರಾಸರಿ ಸರಿಯಾಗಿದೆ. ನಾನು ಊಟಕ್ಕೋ ಫೋನಿಗೋ ಹೋದಾಗ ರಿಜಿಸ್ಟರು ಬರೆಯುವವರು ಅವರೇ. ಅಕ್ಷರ ದುಂಡಗೆ, ಒಂದು ತಪ್ಪಿಲ್ಲ. ಆದರೆ ಅವರು ಬರೆದ ಸಾಲುಗಳಲ್ಲಿ ‘ಊರು’ ಎಂಬ ಕಲಂ ಮಾತ್ರ ಖಾಲಿ.

ಇದನ್ನು ಕಂಡುಹಿಡಿದದ್ದು ನಮ್ಮ ಸೂಪರ್‌ವೈಸರ್ ರೂಪೇಶ. ಕಾರವಾರದವನು, ಸಿಟ್ಟು ಬಂದರೆ ಮನೆಯ ಕೊಂಕಣಿಗೆ ಜಾರುತ್ತಾನೆ.

“ಕಿತೆಂ ರೇ ಹೆಂ, ನಿತಿನ? ಏನಿದು, ಅರ್ಧ ಪುಟ ಖಾಲಿ.”

“ನಂದಲ್ಲ ಸರ್, ಜಟ್ಟಪ್ಪಣ್ಣನ ಅಕ್ಷರ.”

“ಹಾಗಾದ್ರೆ ಹೇಳು ಅವ್ರಿಗೆ, ಊರು ಕೇಳಿ ಬರೀರಿ ಅಂತ.”

“ನೀವೇ ಹೇಳಿ. ನೀವು ಸೂಪರ್‌ವೈಸರು.”

“ಅವ್ರು ಮಿಲಿಟರಿ ರೇ,” ಎಂದು ದನಿ ತಗ್ಗಿಸಿದ. “ನೀ ಹೇಳು. ನೀ ಸಣ್ಣವ, ಬೈದ್ರೂ ನಡೀತದೆ.”

ಹೀಗೆ ಬೈಸಿಕೊಳ್ಳುವ ಹುದ್ದೆಗೆ ನನ್ನ ನೇಮಕವಾಯಿತು.

ಮಧ್ಯಾಹ್ನ ಎರಡು ಗಂಟೆ. ಲಾರಿಗಳ ಹಾವಳಿ ಕಡಿಮೆಯಾಗಿತ್ತು. ಜಟ್ಟಪ್ಪಣ್ಣ ಬಂಗಡೆ ಸಾರಿನ ಡಬ್ಬಿ ತೊಳೆದು ಒರೆಸುತ್ತಿದ್ದರು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಿಂದಕ್ಕೆ ವಾಲಿಕೊಂಡು, ತಮಾಷೆಯಾಗಿಯೇ ಶುರುಮಾಡಿದೆ.

“ಜಟ್ಟಪ್ಪಣ್ಣ, ಊರಿನ ಕಲಂ ಎಂತಕ್ಕೆ ಬಿಡ್ತ್ರಿ? ಹೆಡ್ ಆಫೀಸಿನವ್ರು ಅಳ್ತಾ ಇದ್ರಂತೆ.”

“ಕೇಳೂಕೆ ಆಗೂದಿಲ್ಲ ನಂಗೆ.”

“ಅದರಾಗೆ ಎಂತದಿದೆ ಮಾರಾಯ್ರೆ? ಯಾವೂರು, ಯಾರ ಮನೆ. ಹಾಲು ಕುಡಿಯೂ ಮಕ್ಳೂ ಕೇಳ್ತ್ರು ನಮ್ಮಲ್ಲಿ.”

ಅವರು ಡಬ್ಬಿಯ ಮುಚ್ಚಳ ಹಾಕಿದರು. “ಅಷ್ಟು ಕೇಳಿದ್ದಕ್ಕೆ ಎಷ್ಟು ಜನ ಸಾಯೂಕೆ ಆಗ್ತದೆ, ಹೇಳು ನೋಡುವಾ ತಮಾ.”

ಒಗಟು ಎಂದುಕೊಂಡೆ. “ಹೆಣ್ಣು ನೋಡೂಕೆ ಹೋದಾಗ ಕೇಳಿದ್ರೆ ಒಬ್ಬ,” ಎಂದು ನಕ್ಕೆ. ನಗು ನನ್ನೊಬ್ಬನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂತರು. ಅವರು ಕೂತದ್ದನ್ನು ನಾನು ನೋಡಿದ್ದೇ ಕಡಿಮೆ.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತಿದ್ದೇನೆ.

ಜಟ್ಟಪ್ಪ ಹುಟ್ಟಿ ಬೆಳೆದ ಮನೆ ಹಿಲ್ಲೂರಿನಲ್ಲಿ, ನಡೆದು ಹೋಗುವವರ ದಾರಿಯ ಬದಿಗೇ ಇತ್ತು. ಬಿಸಿಲಲ್ಲಿ ಬಂದವರು ಜಗಲಿಯಲ್ಲಿ ಕೂತು ಹೋಗುತ್ತಿದ್ದರು. ತಾಯಿ ಕಾಮಿ ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ ತಂದಿಡುವರು. ಕುಡಿದಾದ ಮೇಲೆ ಕೇಳುವರು, ಯಾವೂರಾಯ್ತು, ಯಾರ ಮನೆಯವ್ರಾಯ್ತು ಎಂದು. ಮಗ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುವನು. ಗೊತ್ತಿಲ್ಲದವರು ಗೊತ್ತಿರುವವರಾಗುವುದು ಹೀಗೆ ಎಂದು ಅವನು ಕಲಿತ. ಪಿಯುಸಿಯಲ್ಲಿ ನಪಾಸಾಗಿ, ಹತ್ತೊಂಬತ್ತನೆಯ ವರ್ಷಕ್ಕೆ ಕಾರವಾರದಲ್ಲಿ ಸೈನ್ಯದ ಭರ್ತಿಗೆ ಓಡಿದ. ಓಟದಲ್ಲಿ ಬಂದದ್ದು ಮೂರನೆಯವನಾಗಿ, ಮುಂದಿನ ಇಬ್ಬರು ಎತ್ತರ ಸಾಲದೆ ವಾಪಸಾದರು. ಅಲ್ಲಿಂದ ಪಂಜಾಬು, ಅಸ್ಸಾಮು, ಕಾಶ್ಮೀರ. ಎಲ್ಲಿ ಹೋದರೂ ಮೊದಲು ಕೇಳುತ್ತಿದ್ದುದು ಅದನ್ನೇ. ಎಷ್ಟೋ ಜನ ಗೆಳೆಯರಾದದ್ದು ಅದರಿಂದಲೇ.

ಎರಡು ಸಾವಿರದ ಹದಿಮೂರರಲ್ಲಿ ಅವರ ದಳವನ್ನು ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಸಿ ದಕ್ಷಿಣ ಸುಡಾನಿಗೆ ಕಳಿಸಿದರು. ಆ ದೇಶ ಹುಟ್ಟಿದ್ದು ನಾನು ಆರನೆಯ ಇಯತ್ತೆಯಲ್ಲಿದ್ದಾಗ. ವೈಜಯಂತಿ ಟೀಚರು ಹಳೆಯ ಸುಡಾನಿನ ನಕ್ಷೆ ಕೊಟ್ಟು ಹೊಸ ಗೆರೆ ಎಳೆಯಲು ಹೇಳಿದ್ದರು. ನಾನು ಗೆರೆಯನ್ನು ಮೇಲಿಂದ ಕೆಳಗೆ ಎಳೆದೆ. ಸಂಜೆಯ ಗಂಟೆ ಹೊಡೆಯುವವರೆಗೆ ನನ್ನ ನೋಟುಪುಸ್ತಕದಲ್ಲಿ ಪೂರ್ವ ಸುಡಾನ್ ಎಂಬ ದೇಶ ಸ್ವತಂತ್ರವಾಗಿತ್ತು. ಅದಾದ ಮೇಲೆ ಆ ಕಡೆಯ ವಿಚಾರ ನನಗೆ ಬೇಕಾಗಿರಲಿಲ್ಲ.

ಜಟ್ಟಪ್ಪ ಹೋದಾಗ ಆ ದೇಶಕ್ಕೆ ಎರಡು ವರ್ಷ. ಬಾವುಟ ಹೊಸದು, ನೋಟು ಹೊಸದು, ಡಾಂಬರು ರಸ್ತೆ ಮಾತ್ರ ಹುಡುಕಬೇಕಿತ್ತು. ಬಹಳ ವರ್ಷ ಕಾಡಿನಲ್ಲಿ ಬಂದೂಕು ಹಿಡಿದು ತಿರುಗಿದವರು ಈಗ ಮಂತ್ರಿಗಳು, ಸೇನಾಧಿಕಾರಿಗಳು. ಇವರ ಶಿಬಿರ ಇದ್ದುದು ನೈಲ್ ದಂಡೆಯ ಒಂದು ಪಟ್ಟಣದ ಅಂಚಿನಲ್ಲಿ. ಗಸ್ತು ತಿರುಗುವುದು, ಬಾವಿ ತೋಡುವವರಿಗೆ ಕಾವಲು, ಸಂತೆಯಲ್ಲಿ ಜಗಳವಾದರೆ ನಡುವೆ ನಿಲ್ಲುವುದು. ದುಭಾಷಿಯಾಗಿದ್ದ ಪೀಟರ್ ಎಂಬ ಸ್ಥಳೀಯ ಹುಡುಗ ಇವರಿಗೆ ಸಂತೆಯ ಅರಬ್ಬಿಯ ಮೂವತ್ತು ಮಾತು ಕಲಿಸಿದ. ನೀರು, ಉಪ್ಪು, ಬಾ, ಕೂತುಕೋ. ಜಟ್ಟಪ್ಪ ಹಟ ಹಿಡಿದು ಮೊದಲು ಕಲಿತದ್ದು ‘ಇತಾ ಮಿನ್ ವೇನ್’, ಅಂದರೆ ನೀನು ಎಲ್ಲಿಯವ.

“ಕೇಳಿದ್ದೇ ತಡ, ಹೇಳೂಕೆ ಶುರು ಮಾಡೂರು ತಮಾ,” ಎಂದರು ಜಟ್ಟಪ್ಪಣ್ಣ. “ಊರು, ಅಪ್ಪ, ಅಜ್ಜ, ಮುತ್ತಜ್ಜ, ಏಳು ತಲೆ. ಮನೆ ಎತ್ತಿನ ಬಣ್ಣ ಯಾವ್ದು ಅಂಬೂದೂ. ಥೇಟ್ ನಮ್ಮ ಬದಿಯವ್ರೇ. ಕಡೆಗೆ ಸಂತೆ ಹುಡುಗ್ರು ನನ್ನ ಹೆಸರೇ ‘ಮಿನ್ ವೇನ್’ ಅಂತ ಮಾಡಿ ಇಟ್ರು. ದೂರದಿಂದ ಕಂಡ್ರೆ ಸಾಕು, ಮಿನ್ ವೇನ್, ಮಿನ್ ವೇನ್ ಅಂತ ಓಡಿ ಬರೂರು.”

ಆ ವರ್ಷದ ಡಿಸೆಂಬರಿನಲ್ಲಿ ದೇಶದ ಅಧ್ಯಕ್ಷರಿಗೂ ಉಪಾಧ್ಯಕ್ಷರಾಗಿದ್ದವರಿಗೂ ಕೆಟ್ಟಿತು. ರಾಜಧಾನಿಯ ಬ್ಯಾರಕ್ಕಿನಲ್ಲಿ ಗುಂಡು ಹಾರಿತು. ಸೈನ್ಯ ಎರಡು ಹೋಳಾಯಿತು, ಹೋಳಾದದ್ದು ಕುಲದ ಗೆರೆಯ ಮೇಲೆ. ಕೆಲವು ದಿನದೊಳಗೆ ಇವರ ಪಟ್ಟಣದಲ್ಲೂ ಹೊಗೆ. ಜನ ಹಾಸಿಗೆ, ಪಾತ್ರೆ, ಮಕ್ಕಳನ್ನು ಹೊತ್ತುಕೊಂಡು ಶಿಬಿರದ ಗೇಟಿಗೆ ಓಡಿಬಂದರು. ಆಯುಧ ಇದೆಯೋ ನೋಡಿ, ಇಲ್ಲದವರನ್ನು ಒಳಗೆ ಬಿಡಿ ಎಂದು ಆದೇಶ. ಗೇಟಿನಲ್ಲಿ ತಪಾಸಣೆಗೆ ನಿಂತವರು ಜಟ್ಟಪ್ಪ.

ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಒಬ್ಬಳು ಮುದುಕಿ ಬಂದಳು. ತಲೆಯ ಮೇಲೆ ಅಲ್ಯುಮಿನಿಯಂ ಪಾತ್ರೆ, ಜೊತೆಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹನ್ನೊಂದೋ ಹನ್ನೆರಡೋ, ಚಿಕ್ಕವಳಿಗೆ ಐದು. ದೊಡ್ಡವಳು ಚಿಕ್ಕವಳ ಚಪ್ಪಲಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಮುದುಕಿ ಇಳಿಸಿ ಹಿಡಿದ ಪಾತ್ರೆಯ ಮುಚ್ಚಳ ಸದ್ದು ಮಾಡುತ್ತಲೇ ಇತ್ತು. ಪಾತ್ರೆಯಲ್ಲಿ ಜೋಳದ ಹಿಟ್ಟು, ಬೇರೇನಿಲ್ಲ. ಒಳಗೆ ಬಿಡುವುದೊಂದೇ ಬಾಕಿ. ಅವಳ ಹೆದರಿಕೆ ಇಳಿಯಲಿ ಎಂದು ಜಟ್ಟಪ್ಪ ನಕ್ಕರು, ಹೆಗಲು ಮುಟ್ಟಿದರು, ಕೇಳಿದರು:

“ಇತಾ ಮಿನ್ ವೇನ್, ಹಬೂಬಾ?” ನೀನು ಎಲ್ಲಿಯವಳಜ್ಜಿ?

ಮುದುಕಿಯ ಬಾಯಲ್ಲಿ ಒಂದು ಊರು ಬಂತು. ಅದೇ ಹೊತ್ತಿಗೆ ದೊಡ್ಡ ಹುಡುಗಿಯ ಬಾಯಲ್ಲಿ ಬೇರೆ ಊರು ಬಂತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಮುದುಕಿ ಪಾತ್ರೆಯನ್ನು ಅಲ್ಲೇ ಬಿಟ್ಟಳು. ಚಿಕ್ಕವಳನ್ನು ಎತ್ತಿಕೊಂಡು, ದೊಡ್ಡವಳ ರಟ್ಟೆ ಹಿಡಿದು ಬಂದ ದಾರಿಯಲ್ಲೇ ತಿರುಗಿದಳು. ಮೊದಲು ನಡೆದಳು, ಆಮೇಲೆ ಓಡಿದಳು. ಸಾಲಿನಲ್ಲಿ ಹಿಂದಿದ್ದ ನಲವತ್ತು ಜನ ಅವಳು ಓಡಿದ್ದನ್ನು ಕಂಡು ಏನೋ ತಿಳಿದು ಅವರೂ ಓಡಿದರು.

“ನನ್ನ ಮುಖದ ಮೇಲೆ ಆ ನಗು ಹಂಗೇ ಇತ್ತು ತಮಾ,” ಎಂದರು ಜಟ್ಟಪ್ಪಣ್ಣ. “ತೆಗೀಬೇಕು ಅಂಬೂದೂ ತಿಳೀಲಿಲ್ಲ.”

ಒಳಗೆ ಗಾಯಾಳುಗಳ ಹತ್ತಿರ ಇದ್ದ ಪೀಟರ್ ಓಡಿಬಂದ. ಏನು ಹೇಳಿದೆ ಎಂದು ಕೇಳಿದ. ಇವರು ಹೇಳಿದರು. ಪೀಟರ್ ಗೇಟಿನ ಕಂಬ ಹಿಡಿದುಕೊಂಡ. ಪಟ್ಟಣದಿಂದ ಇಲ್ಲಿಯವರೆಗೆ ಎರಡು ಕಡೆ ದಾರಿಗೆ ಹಗ್ಗ ಕಟ್ಟಿದ್ದಾರೆ, ಬಂದೂಕಿನವರು ಕುರ್ಚಿ ಹಾಕಿ ಕೂತಿದ್ದಾರೆ, ಪ್ರತಿಯೊಬ್ಬನನ್ನೂ ಅವರು ಕೇಳುವುದು ಇದೊಂದೇ ಪ್ರಶ್ನೆ ಎಂದ. ಉತ್ತರ ಅವರ ಕಡೆಯದಾದರೆ ಹೋಗಬಹುದು. ಇಲ್ಲವಾದರೆ ರಸ್ತೆಯ ಬದಿಗೆ ಕರೆದುಕೊಂಡು ಹೋಗುತ್ತಾರೆ. ಆ ಮುದುಕಿ ಎರಡೂ ಕಡೆ ಬೇರೆ ಬೇರೆ ಊರಿನ ಸುಳ್ಳು ಹೇಳಿ ಮಕ್ಕಳನ್ನು ದಾಟಿಸಿಕೊಂಡು ಬಂದಿರಬೇಕು. ಮೂರನೆಯ ಸಲ ಕೇಳಿದವನು ನೀನು.

ನಾನು ಕೂತಿದ್ದ ಕುರ್ಚಿ ನೆಟ್ಟಗಾದದ್ದು ಯಾವಾಗಲೋ ಗೊತ್ತಿಲ್ಲ. ಅಷ್ಟರಲ್ಲಿ ಹುಬ್ಬಳ್ಳಿಯ ಲಾರಿಯೊಂದು ಹಾರನ್ ಮಾಡಿತು. ಜಟ್ಟಪ್ಪಣ್ಣ ಎದ್ದು ಹೋಗಿ ಗೇಟು ತೆಗೆದರು, ನಂಬರು ಬರೆದುಕೊಂಡರು, ಡ್ರೈವರನಿಗೆ ನೀರಿನ ಬಾಟಲಿ ಕೊಟ್ಟು ನೆರಳು ತೋರಿಸಿದರು. ವಾಪಸು ಬಂದು ಕೂತರು. ನಾನು ಸಹಾಯಕ್ಕೆ ಏಳಬೇಕಿತ್ತು. ಏಳಲಿಲ್ಲ.

“ಆಮೇಲೆ?”

ಆಮೇಲೆ ಅವರು ಕ್ಯಾಪ್ಟನ್ ಸಾಹೇಬರ ಮುಂದೆ ಹೋಗಿ ನಿಂತರು. ತಪ್ಪು ನನ್ನದು, ನಾನೇ ಹೋಗಿ ಕರೆದುಕೊಂಡು ಬರುತ್ತೇನೆ ಎಂದರು. ಸಾಹೇಬರು ಬೈಯಲಿಲ್ಲ. ಒಳಗೆ ಆಗಲೇ ಒಂಬತ್ತು ಸಾವಿರ ಜನ ಇದ್ದಾರೆ, ಗೇಟು ಬಿಟ್ಟು ಹೋದರೆ ಅವರನ್ನು ಕಾಯುವವರು ಯಾರು, ಮೇಲಿನಿಂದ ಅಪ್ಪಣೆ ಬರಲಿ ಎಂದರು. ಅಪ್ಪಣೆ ಬಂದಾಗ ಮಧ್ಯಾಹ್ನ ಮೂರು. ಐದು ತಾಸು ಅವರು ಅದೇ ಗೇಟಿನಲ್ಲಿ ನಿಂತು ತಪಾಸಣೆ ಮಾಡಿದರು. ಬಾಯಿ ತೆರೆಯಲಿಲ್ಲ. ಮುದುಕಿಯ ಪಾತ್ರೆಯನ್ನು ಯಾರೂ ತುಳಿಯದ ಹಾಗೆ ಮರಳು ಚೀಲದ ಮೇಲೆ ಎತ್ತಿಟ್ಟರು.

ಎರಡು ಕವಚದ ಗಾಡಿಗಳು ಪಟ್ಟಣದ ಇಗರ್ಜಿಯವರೆಗೆ, ಅಂದರೆ ಚರ್ಚಿನವರೆಗೆ, ಹೋಗಿ ಬರಬಹುದು ಎಂದು ಅಪ್ಪಣೆ. ಓಡಿಹೋದವರಲ್ಲಿ ಮೂವತ್ತೊಂದು ಜನ ಇಗರ್ಜಿಯ ಬೆಂಚುಗಳ ಕೆಳಗೆ ಸಿಕ್ಕಿದರು. ಯಾರೂ ಏನೂ ಕೇಳುವುದಿಲ್ಲ ಎಂದು ಪೀಟರ್ ಆಣೆ ಇಟ್ಟು ಗಾಡಿ ಹತ್ತಿಸಿದ. ಅವರಲ್ಲಿ ಆ ಮುದುಕಿ ಇರಲಿಲ್ಲ, ಮಕ್ಕಳೂ ಇರಲಿಲ್ಲ. ದಾರಿಯಲ್ಲಿ ಹಗ್ಗ ಕಟ್ಟಿದ ಜಾಗ ಕಂಡಿತು. ಗಾಡಿ ಕಂಡು ಬಂದೂಕಿನವರು ಸರಿದುಹೋಗಿದ್ದರು, ಕುರ್ಚಿ ಅಲ್ಲೇ ಇತ್ತು.

“ಎಂತಾ ಕುರ್ಚಿ?” ಎಂದೆ. ಯಾಕೆ ಕೇಳಿದೆನೋ.

“ಪ್ಲಾಸ್ಟಿಕ್ಕಿಂದು. ನೀ ಕೂತದ್ದಲ್ಲ, ಅಂಥದ್ದೇ. ಬದಿಗೆ ಚಾ ಲೋಟ. ರಸ್ತೆ ಬದಿಗೆ ಇದ್ದದ್ದನ್ನ ನಾ ಯಾರಿಗೂ ಹೇಳೂದಿಲ್ಲ. ಹೀರಾಗೂ ಹೇಳಲಿಲ್ಲ,” ಎಂದರು.

ನಾನು ಎದ್ದು ನಿಂತುಬಿಟ್ಟೆ. ದಿನಕ್ಕೆ ಅರವತ್ತು ಜನರನ್ನು ಕಾಲ ಮೇಲೆ ಕಾಲು ಹಾಕಿಕೊಂಡು ಕೇಳುವವನು ನಾನು. ಒಬ್ಬ ಡ್ರೈವರ್ ಉತ್ತರ ಹೇಳಲು ತಡಮಾಡಿದರೆ, “ಎಂತ, ಊರು ಮರ್ತೋಯ್ತಾ?” ಎಂದು ಕಿಚಾಯಿಸುವವನು. ನನಗೆ ಯಾರೂ ದಾರಿಗೆ ಹಗ್ಗ ಕಟ್ಟಿ ಕೇಳಿದವರಿಲ್ಲ. ಕೇಳಿದವರೆಲ್ಲ ಕೊನೆಗೆ ಚಹಾ ಕುಡಿಸಿದ್ದಾರೆ.

ಇಗರ್ಜಿಗೆ ಹೋಗಿ ಬಂದ ಮರುದಿನ ಜಟ್ಟಪ್ಪ ಪೀಟರನಿಂದ ಇನ್ನೆರಡು ಮಾತು ಕಲಿತರು. ‘ಮಾಫಿ ಸುವಾಲ್’, ಪ್ರಶ್ನೆ ಇಲ್ಲ. ‘ತಾಲ್’, ಬಾ. ಗೇಟಿನ ಮೇಲಿನ ಧ್ವನಿವರ್ಧಕದಲ್ಲಿ ಪಾಳಿ ಇದ್ದಾಗಲೂ ಇಲ್ಲದಾಗಲೂ ಅದನ್ನೇ ಕೂಗಿದರು. ಗೇಟಿನ ಬಳಿ ನೀರಿನ ಡ್ರಮ್ಮು ಇಡಿಸಿದರು. ಯಾರೇ ಬರಲಿ, ಮೊದಲು ಒಂದು ಮಗ್ಗು ನೀರು, ಆಮೇಲೆ ತಪಾಸಣೆ, ಮಾತಿಲ್ಲ. ಇನ್ನೂ ಸಾವಿರಾರು ಜನ ಬಂದರು. ನಾಲ್ಕನೆಯ ದಿನಕ್ಕೆ ಅವರ ಗಂಟಲು ಹರಿದು ದನಿ ಹೊರಡದಾಯಿತು. ಬಂದ ಪ್ರತಿ ಮುದುಕಿಯ ಮುಖವನ್ನೂ ನೋಡಿದರು.

ಐದನೆಯ ದಿನ ಮಧ್ಯಾಹ್ನ ರಸ್ತೆಯ ಆಚೆ ಬೇವಿನ ಮರದ ಬುಡದಲ್ಲಿ ಆ ಇಬ್ಬರು ಮಕ್ಕಳು ನಿಂತಿದ್ದರು. ಇಬ್ಬರೇ. ಜಟ್ಟಪ್ಪ ಮಗ್ಗು ಎತ್ತಿ ತೋರಿಸಿದರು. ದೊಡ್ಡವಳು ತಂಗಿಯನ್ನು ಎಳೆದುಕೊಂಡು ಹಿಂದೆ ಸರಿದಳು. ಕೈ ಇಳಿಸಿದರು, ನಿಂತಳು. ದೂರದಲ್ಲಿ ಗುಂಡಿನ ಸದ್ದು ಪಟ್ಟಣದ ಕಡೆಯಿಂದ ಈಚೆಗೆ ಬರುತ್ತಿತ್ತು. ಪೀಟರ್ ಹತ್ತು ಹೆಜ್ಜೆ ಮುಂದೆ ಹೋಗಿ ಕೈ ಚಾಚಿ ಅವರ ಭಾಷೆಯಲ್ಲೇ ಕರೆದ. ಹುಡುಗಿ ಅವನನ್ನು ನೋಡಲಿಲ್ಲ. ಅವನ ಹೆಗಲಾಚೆ ಜಟ್ಟಪ್ಪನನ್ನೇ ನೋಡುತ್ತಿದ್ದಳು.

ಪೀಟರ್ ವಾಪಸು ಬಂದು ಹೇಳಿದ, “ನೀನು ಇಲ್ಲಿರುವವರೆಗೆ ಅವಳು ಬರುವುದಿಲ್ಲ.”

ಜಟ್ಟಪ್ಪ ಜೊತೆಗಾರನಿಗೆ ಜಾಗ ಕೊಟ್ಟು ಮರಳು ಚೀಲಗಳ ಹಿಂದೆ ಹೋದರು. ಹೆಲ್ಮೆಟ್ಟಿನ ತುದಿಯೂ ಕಾಣದ ಹಾಗೆ ನೆಲಕ್ಕೆ ಕೂತು, ಗೋಡೆಯ ಕಡೆ ಮುಖ ಮಾಡಿದರು. ಇಣುಕಿ ನೋಡಲಿಲ್ಲ. ಇಪ್ಪತ್ತು ನಿಮಿಷವಾಗಿರಬಹುದು. ಡ್ರಮ್ಮಿನಲ್ಲಿ ಮಗ್ಗು ಮುಳುಗಿದ ಸದ್ದು ಕೇಳಿತು. ಇನ್ನೊಂದು ಸಲ ಕೇಳಿತು. ಮೂರನೆಯ ಸಲಕ್ಕೆ ಕಾದರು. ಕೇಳಲಿಲ್ಲ.

“ಅಜ್ಜಿ ಎಲ್ಲಿ ಅಂತ ನಾ ಕೇಳಬಹುದಿತ್ತು. ಪೀಟರನ ಹತ್ರ ಕೇಳಿಸಬಹುದಿತ್ತು,” ಎಂದರು ಜಟ್ಟಪ್ಪಣ್ಣ. “ಯಾವ ಬಾಯಲ್ಲಿ ಕೇಳೂದು?”

ಶಿಬಿರ ಒಂದು ಊರಾಯಿತು. ಹೊರಗೆ ಕಡಿದಾಡಿಕೊಳ್ಳುತ್ತಿದ್ದ ಎರಡೂ ಕುಲದ ಜನ ಒಳಗೆ ಒಂದೇ ನಳದ ನೀರು ಕುಡಿಯಬೇಕಿತ್ತು. ಸಾಲಿನಲ್ಲಿ ಒಬ್ಬರ ಹೆಸರು ಕೂಗಿದರೆ ಸಾಕು, ಹೆಸರಿನಲ್ಲೇ ಕುಲ ತಿಳಿಯುತ್ತಿತ್ತು, ಕೋಲು ಏಳುತ್ತಿತ್ತು. ಒಂದು ಸಂಜೆ ಒಬ್ಬನ ತಲೆ ಒಡೆಯಿತು. ಎರಡೂ ಕಡೆಯ ಹಿರಿಯರು ತಾಡಪಾಲಿನ ಕೆಳಗೆ ಮೂರು ವಾರ ಕೂತರು. ನಡುವೆ ಪೀಟರ್, ಬಾಗಿಲಲ್ಲಿ ಜಟ್ಟಪ್ಪ. ದೇಶದ ನಾಯಕರು ಪರದೇಶದ ಹೋಟೆಲಿನಲ್ಲಿ ಅದೇ ಹೊತ್ತಿಗೆ ಕೂತು ಸಹಿ ಹಾಕಿದ ಒಪ್ಪಂದ ಕೆಲವೇ ದಿನಕ್ಕೆ ಮುರಿಯಿತು. ತಾಡಪಾಲಿನವರು ಒಪ್ಪಿದ್ದು ಒಂದೇ ಮಾತು. ನೀರಿನ ಸಾಲಿನಲ್ಲಿ ಹೆಸರಿಲ್ಲ, ಊರಿಲ್ಲ, ನಂಬರು ಮಾತ್ರ. ಕ್ಯಾನುಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆಯುವ ಕೆಲಸ ಜಟ್ಟಪ್ಪನದು. ಎರಡು ಸಾವಿರಕ್ಕೂ ಹೆಚ್ಚು ಕ್ಯಾನು. ಆಮೇಲೆ ನಳದ ಬಳಿ ಜಗಳ ಆಗಲಿಲ್ಲ ಎಂದಲ್ಲ, ಕೊಲೆ ಆಗಲಿಲ್ಲ.

ಮಕ್ಕಳ ಕ್ಯಾನಿನ ನಂಬರು ಇನ್ನೂರ ಹದಿನಾಲ್ಕು. ಅವರ ವಿಚಾರ ಜಟ್ಟಪ್ಪನಿಗೆ ತಿಳಿದದ್ದು ಅಷ್ಟೇ. ಚಿಕ್ಕವಳು ಇವರ ಪಾಳಿಯಲ್ಲೂ ನೀರಿಗೆ ಬರುತ್ತಿದ್ದಳು, ಇವರ ಬೂಟಿನ ದಾರ ಬಿಚ್ಚಿ ಓಡುತ್ತಿದ್ದಳು. ದೊಡ್ಡವಳು ಇವರನ್ನು ಕಂಡರೆ ಕ್ಯಾನು ಹಿಡಿದುಕೊಂಡು ತಿರುಗಿ ಹೋಗುವಳು, ಪಾಳಿ ಬದಲಾದ ಮೇಲೆ ಬರುವಳು. ಇದನ್ನು ಗಮನಿಸಿ ಜಟ್ಟಪ್ಪ ದಿನಕ್ಕೆ ಎರಡು ಸಲ, ಅವಳು ಬರುವ ಹೊತ್ತಿಗೆ, ಏನಾದರೂ ನೆವ ಹೇಳಿ ನಳ ಬಿಟ್ಟು ಹೋಗತೊಡಗಿದರು. ಜೊತೆಗಾರರು ಇವನಿಗೆ ಹೊಟ್ಟೆ ಸರಿಯಿಲ್ಲ ಎಂದು ಆಡಿಕೊಂಡರು.

ಮನೆಗೆ ಫೋನು ಮಾಡಿದಾಗ ಒಮ್ಮೆ ಮಾತ್ರ ತಾಯಿಗೆ ಗೇಟಿನಲ್ಲಿ ಆದದ್ದನ್ನು ಹೇಳಿದರು. ಕಾಮಿ, “ಅಲ್ದಾ ಮಗಾ, ನೀರು ಕೊಡದೇ ಕೇಳಿದ್ಯಾ?” ಎಂದರಂತೆ.

ಆಗಸ್ಟಿನಲ್ಲಿ ದಳ ಬದಲಾಗುವ ದಿನ ಬಂತು. ಲಾರಿಗೆ ಸಾಮಾನು ಹೇರಿ ಆಗಿತ್ತು. ಬೆಳಿಗ್ಗೆ ಎಂಟಕ್ಕೆ ಜಟ್ಟಪ್ಪ ಕಡೆಯ ಸಲ ನಳದ ಬಳಿ ನಿಂತಿದ್ದರು. ಸಾಲಿನಲ್ಲಿ ಇನ್ನೂರ ಹದಿನಾಲ್ಕು ಬಂತು. ತಲೆ ಎತ್ತಿ ನೋಡಿದರೆ ದೊಡ್ಡವಳು. ಇವರು ಅಭ್ಯಾಸದಂತೆ ಹೊರಡಲು ತಿರುಗಿದರು. ಅವಳು ಕ್ಯಾನನ್ನು ಇವರ ಕಾಲ ಮುಂದೆ ಇಟ್ಟಳು. ಇವರು ತುಂಬಿಸಿದರು. ತುಂಬುವವರೆಗೆ ಇಬ್ಬರೂ ನೀರನ್ನೇ ನೋಡಿದರು. ನಳ ನಿಲ್ಲಿಸಿದ ಮೇಲೆ ಅವಳು ಎರಡು ಮಾತು ಹೇಳಿದಳು. ಆ ಹೊತ್ತಿಗೆ ಜಟ್ಟಪ್ಪನಿಗೆ ಮೂವತ್ತಲ್ಲ, ಮುನ್ನೂರು ಮಾತು ಬರುತ್ತಿತ್ತು. ಅರ್ಥವಾಗದಿರಲು ದಾರಿಯಿರಲಿಲ್ಲ.

ಅಜ್ಜಿ ಸತ್ತಳು. ಅವತ್ತೇ.

ಹೇಳಿ, ಗದ್ದ ಎತ್ತಿ ರಸ್ತೆಯ ಕಡೆ ತೋರಿಸಿದಳು. ಅವರು ಗಂಟಲು ಹರಿಯುವವರೆಗೆ ಕೂಗಿದ್ದು, ಬಂದ ಪ್ರತಿ ಮುದುಕಿಯ ಮುಖ ನೋಡಿದ್ದು, ಯಾವುದಕ್ಕೂ ಅರ್ಥವಿರಲಿಲ್ಲ. ಅವರು ಅಪ್ಪಣೆಗೆ ಕಾಯುತ್ತ ಪಾತ್ರೆಯನ್ನು ಎತ್ತಿಡುವ ಹೊತ್ತಿಗೇ ಅದು ಮುಗಿದಿತ್ತು.

“ಬೈದದ್ದಾ ಅವಳು? ಇಲ್ಲಾಂದ್ರೆ ನೀವು ಹೋಗ್ತ್ರಿ ಅಂತ ತಿಳಿಸಿದ್ದಾ?” ಎಂದು ಕೇಳಿದೆ.

“ಹನ್ನೊಂದು ವರ್ಷ ಆಯ್ತು ತಮಾ, ಗೊತ್ತಾಗಲಿಲ್ಲ,” ಎಂದರು ಜಟ್ಟಪ್ಪಣ್ಣ. “ಇಪ್ಪತ್ತು ಲೀಟರಿನ ಕ್ಯಾನು. ಎತ್ತಿ ಕೊಡುವಾ ಅಂತ ಬಗ್ಗಿದೆ. ನನ್ನ ಕೈ ಸರಿಸಿದಳು. ತಾನೇ ಎತ್ಕಂಡು ಹೋದಳು. ಸ್ವಲ್ಪ ದೂರ ಹೋಗಿ ನಿಂತಳು. ತಿರುಗಿ ನೋಡ್ತಳೆ ಅಂದ್ಕಂಡೆ. ಭಾರ ಆಗಿತ್ತು ಅದ್ಕೆ, ಕೈ ಬದಲಾಯಿಸ್ಕಂಡಳು. ಹೋದಳು.”